ಲೈಸೆನ್ಸ್ ಬಂದ ಮೇಲಿನ ಮೊದಲ ಮಳೆಗಾಲ

ಡ್ರೈವಿಂಗ್ ಲೈಸೆನ್ಸಿನ ಕಾರ್ಡು ಅಂಚೆಯಲ್ಲಿ ಮನೆ ತಲುಪಿದ ಸಂಜೆ, ಹದಿನೆಂಟು ತುಂಬಿದ ಹುಡುಗನೊಬ್ಬ ನಾಲ್ವರು ಗೆಳೆಯರನ್ನು ಕಾರಿನಲ್ಲಿ ತುಂಬಿಕೊಂಡು ತೀರ್ಥಹಳ್ಳಿಯಿಂದ ಹೊರಡಬಹುದು. ಜುಲೈ ತಿಂಗಳ ಜಡಿಮಳೆ, ಮಂಜು, ರಾತ್ರಿ ಹತ್ತು ಗಂಟೆ. ಮೇಗರವಳ್ಳಿ, ಗುಡ್ಡೇಕೇರಿ ದಾಟಿ ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದು ಹೆಬ್ರಿಗೆ ಹೋಗಬಹುದು. ಅವನನ್ನು ತಡೆಯುವ ಒಂದು ಸಾಲೂ ಭಾರತದ ಕಾನೂನಿನಲ್ಲಿಲ್ಲ. ಮೂವತ್ತು ವರ್ಷದಿಂದ ಅದೇ ಘಾಟಿಯಲ್ಲಿ ಕಾರು ಇಳಿಸಿ ಹತ್ತಿಸಿದವರಿಗೂ, ನಿನ್ನೆ ಮೊನ್ನೆ ಮೈದಾನದ ಪರೀಕ್ಷೆಯಲ್ಲಿ ‘ಎಚ್’ ಹಾಕಿ ಪಾಸಾದವನಿಗೂ ರಸ್ತೆಯ ಮೇಲೆ ಇರುವ ಹಕ್ಕು ಒಂದೇ.

ಸರ್ಕಾರಿ ನೌಕರಿಗೆ ಸೇರಿದ ಮೇಷ್ಟರಿಗೆ ಎರಡು ವರ್ಷ ಪ್ರೊಬೇಷನ್ ಇರುತ್ತದೆ. ಅದು ಮುಗಿದ ಮೇಲೇ ನೌಕರಿ ಕಾಯಂ. ಒಂದು ಟನ್ ತೂಕದ ಯಂತ್ರವನ್ನು ಊರಿನ ನಡುವೆ ಓಡಿಸುವ ಅಧಿಕಾರಕ್ಕೆ ಅಂಥ ಅವಧಿ ನಮ್ಮಲ್ಲಿಲ್ಲ. ಬ್ರಿಟನ್, ಜರ್ಮನಿ, ಜಪಾನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಪುರಗಳಲ್ಲಿ ಇದೆ. ಲೈಸೆನ್ಸ್ ಕೊಟ್ಟ ಮೇಲೂ ಒಂದೆರಡು ವರ್ಷ ಹೊಸ ಚಾಲಕರನ್ನು ಕಟ್ಟುಪಾಡಿನಲ್ಲಿ ಇಡುವ ವ್ಯವಸ್ಥೆ ಅದು. ನಮ್ಮಲ್ಲಿ ಕಾನೂನು ಕೊಟ್ಟಿರುವ ಪರೀಕ್ಷಾರ್ಥ ಕಾಲ ಒಂದೇ, ಅದು ಕಲಿಕಾ ಲೈಸೆನ್ಸಿನ (ಎಲ್‌ಎಲ್) ಕಾಲ. ಅದನ್ನೂ ಬಹಳಷ್ಟು ಮನೆಗಳು ಕಾಗದದ ಮೇಲೆ ಮಾತ್ರ ಮುಗಿಸಿಬಿಡುತ್ತವೆ.

1988ರ ಮೋಟಾರು ವಾಹನ ಕಾಯ್ದೆಯಂತೆ ಕಲಿಕಾ ಲೈಸೆನ್ಸ್ ಆರು ತಿಂಗಳು ಊರ್ಜಿತ. ಅದು ಸಿಕ್ಕಿ ಕನಿಷ್ಠ 30 ದಿನ ಕಳೆಯದೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗುವಂತಿಲ್ಲ. ಈ ನಡುವಿನ ಕಾಲ ಹೇಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಮೂರನೆಯ ನಿಯಮ ಬಿಡಿಸಿ ಹೇಳುತ್ತದೆ. ಕಲಿಯುವವರ ಪಕ್ಕದಲ್ಲಿ ಊರ್ಜಿತ ಲೈಸೆನ್ಸ್ ಉಳ್ಳವರೊಬ್ಬರು ಕಲಿಸುವವರಾಗಿ ಕೂತಿರಬೇಕು. ಬೇಕಾದಾಗ ಗಾಡಿಯನ್ನು ಹಿಡಿತಕ್ಕೆ ತರುವಂತೆ, ನಿಲ್ಲಿಸುವಂತೆ ಅವರು ಕೂತ ಜಾಗ ಇರಬೇಕು. ಗಾಡಿಯ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರ ಇರಬೇಕು. ಆ ಫಲಕ 18 ಸೆಂಟಿಮೀಟರಿನ ಚೌಕ, ಅಕ್ಷರದ ಎತ್ತರ 10 ಸೆಂಟಿಮೀಟರಿಗೆ ಕಡಿಮೆಯಿಲ್ಲ ಎಂದು ಅಳತೆಯನ್ನೂ ಬರೆದಿದ್ದಾರೆ. ಬೈಕು, ಸ್ಕೂಟರ್ ಕಲಿಯುವವರು ಹಿಂದೆ ಯಾರನ್ನಾದರೂ ಕೂರಿಸಿಕೊಂಡರೆ ಅವರು ಲೈಸೆನ್ಸ್ ಇರುವ, ಕಲಿಸುವ ವ್ಯಕ್ತಿಯೇ ಆಗಿರಬೇಕು. ತಂಗಿಯನ್ನು ಕಾಲೇಜಿಗೆ ಬಿಡಲು ಎಲ್‌ಎಲ್ ಸಾಲದು.

ಸಾಗರದ ಬಿ.ಎಚ್. ರಸ್ತೆಯಲ್ಲಿ ಅರ್ಧ ದಿನ ನಿಂತು ನೋಡಿದರೆ ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಬಿಟ್ಟು ಬೇರೆಲ್ಲೂ ಆ ಕೆಂಪು ಅಕ್ಷರ ಕಾಣುವುದು ಅಪರೂಪ. ಎಲ್‌ಎಲ್ ಎಂದರೆ ಒಂದು ತಿಂಗಳ ಕಾಯುವಿಕೆ, ಆಮೇಲೆ ‘ಡಿಎಲ್ ಮಾಡಿಸುವುದು’ ಎಂಬ ಲೆಕ್ಕ ಜನರಲ್ಲಿ ಬೇರೂರಿದೆ. ಈಗ ಸಾರಥಿ ಜಾಲತಾಣದಲ್ಲಿ ಆಧಾರ್ ಮೂಲಕ ಮನೆಯಲ್ಲೇ ಕೂತು ಎಲ್‌ಎಲ್ ಪರೀಕ್ಷೆ ಬರೆಯಬಹುದು. ಹೊಸನಗರದ ಒಳಹಳ್ಳಿಯವರಿಗೆ ಸಾಗರದವರೆಗೆ ಹೋಗಿ ಒಂದು ದಿನದ ಕೂಲಿ ಕಳೆದುಕೊಳ್ಳುವ ಕಷ್ಟ ಅದರಿಂದ ತಪ್ಪಿದೆ. ಆದರೆ ಸಂಚಾರ ಚಿಹ್ನೆ, ರಸ್ತೆ ನಿಯಮ, ಅಪಘಾತವಾದರೆ ಚಾಲಕ ಮಾಡಬೇಕಾದ ಕೆಲಸ, ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ ವಹಿಸಬೇಕಾದ ಎಚ್ಚರ ಇವೆಲ್ಲ ಅರ್ಜಿದಾರನಿಗೆ ಗೊತ್ತಿದೆಯೇ ಎಂದು ನೋಡಲೆಂದೇ ಆ ಪರೀಕ್ಷೆ ಇಟ್ಟಿದ್ದು. ಪಾಸಾಗಲು ಶೇ 60 ಸರಿಯುತ್ತರ ಬೇಕು. ಪಕ್ಕದಲ್ಲಿ ಕೂತ ಅಣ್ಣ ಉತ್ತರ ಹೇಳಿಕೊಟ್ಟರೆ ಅಂಕ ಬರುತ್ತದೆ, ತಿಳಿವಳಿಕೆ ಅಣ್ಣನಲ್ಲೇ ಉಳಿಯುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಗಾಡಿ ಕಲಿಯುವ ವಯಸ್ಸು ಕಾನೂನಿಗಿಂತ ಮೊದಲೇ ಬರುವುದಕ್ಕೆ ಕಾರಣವಿದೆ. ಇಲ್ಲಿ ಊರೆಂದರೆ ಒತ್ತೊತ್ತಾದ ಬೀದಿಗಳಲ್ಲ. ತೋಟದ ತಲೆಗೊಂದು ಮನೆ, ಗುಡ್ಡದಾಚೆ ಇನ್ನೊಂದು. ಡಾಂಬರು ರಸ್ತೆಗೆ ಬರಲು ಒಂದೆರಡು ಕಿಲೊಮೀಟರ್ ಮಣ್ಣಿನ ದಾರಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು; ಅದು ತಪ್ಪಿದರೆ ಕಾಲೇಜು ತಪ್ಪಿತು, ಡೇರಿಗೆ ಹಾಲು ತಪ್ಪಿತು. ನಗರ, ನಿಟ್ಟೂರು, ತುಮರಿ, ಬ್ಯಾಕೋಡು ಕಡೆಯ ಮನೆಗಳಲ್ಲಿ ಸ್ಕೂಟರ್ ಇಲ್ಲದೆ ದಿನ ಸಾಗುವುದು ಕಷ್ಟ. ಹತ್ತನೇ ಕ್ಲಾಸಿನ ಹುಡುಗ ಅಂಗಳದಲ್ಲಿ ಸ್ಕೂಟರ್ ಹಿಡಿಯುತ್ತಾನೆ, ಆಮೇಲೆ ತೋಟದ ದಾರಿಯಲ್ಲಿ, ಆಮೇಲೆ ಸೊಸೈಟಿಯ ತನಕ. ‘ಮೇನ್ ರೋಡಿಗೆ ಹೋಗಬೇಡ ಮಾರಾಯ’ ಎಂದು ಅಪ್ಪ ಹೇಳಿರುತ್ತಾನೆ. ಒಂದು ದಿನ ಅಪ್ಪನೇ ತುರ್ತಿಗೆ ಪೇಟೆಗೆ ಕಳಿಸುತ್ತಾನೆ.

ಕಾನೂನು ಅತ್ಯಂತ ಕಠಿಣವಾಗಿರುವುದು ಇಲ್ಲೇ. 2019ರ ತಿದ್ದುಪಡಿ ಕಾಯ್ದೆಗೆ ಸೇರಿಸಿದ 199ಎ ಕಲಂ ಪ್ರಕಾರ ಅಪ್ರಾಪ್ತ ವಯಸ್ಕರು ಗಾಡಿ ಓಡಿಸಿ ಅಪರಾಧವಾದರೆ ತಪ್ಪಿತಸ್ಥರು ಅವರ ಪೋಷಕರು, ಇಲ್ಲವೇ ಗಾಡಿಯ ಮಾಲೀಕರು. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಓಡಿಸಿದ ಹುಡುಗ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್ ಕೂಡ ಸಿಗದು. ತನಗೆ ತಿಳಿಯದೆ ನಡೆದದ್ದು, ಇಲ್ಲವೇ ತಡೆಯಲು ತಾನು ತಕ್ಕ ಎಚ್ಚರ ವಹಿಸಿದ್ದೆ ಎಂದು ತೋರಿಸುವ ಹೊಣೆ ಪೋಷಕರದೇ. ನ್ಯಾಯಾಲಯ ಮೊದಲು ಊಹಿಸುವುದು ಅವರ ಒಪ್ಪಿಗೆಯಿತ್ತೆಂದೇ. ಹೆಲ್ಮೆಟ್ ದಂಡದ ಹಾಗೆ ರಸ್ತೆ ಬದಿಯಲ್ಲಿ ರಸೀದಿ ಹರಿದು ಮುಗಿಸುವ ಪ್ರಕರಣವೂ ಇದಲ್ಲ, ಕೋರ್ಟಿಗೇ ಹೋಗಬೇಕು. ಶಿವಮೊಗ್ಗ ಜಿಲ್ಲೆಯ ನ್ಯಾಯಾಲಯಗಳು ಮಕ್ಕಳ ಕೈಗೆ ಬೈಕು ಕೊಟ್ಟ ಪೋಷಕರಿಗೆ, ಮಾಲೀಕರಿಗೆ 25 ಸಾವಿರ ದಂಡ ಹಾಕಿದ ಸುದ್ದಿ ಈ ಕೆಲವು ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಎರಡು ಎಕರೆ ಅಡಿಕೆ ತೋಟದವರಿಗೆ ಅದು ಸಣ್ಣ ಮೊತ್ತವಲ್ಲ. ಹದಿನಾರರಲ್ಲಿ ಸಿಕ್ಕಿಬಿದ್ದವನಿಗೆ ಮುಂದಿನ ಒಂಬತ್ತು ವರ್ಷ, ಅಂದರೆ ಓದು ಮುಗಿದು ಕೆಲಸ ಹುಡುಕುವ ಕಾಲವೆಲ್ಲ, ಲೈಸೆನ್ಸಿಲ್ಲದೆ ಕಳೆಯಬೇಕಾದದ್ದು ಇನ್ನೂ ಭಾರ.

ಹದಿನಾರು ತುಂಬಿದವರಿಗೆ ಲೈಸೆನ್ಸ್ ಸಿಗುತ್ತದಲ್ಲ ಎಂಬ ಮಾತೂ ಇದೆ. ಸಿಗುವುದು 50 ಸಿಸಿ ಮೀರದ ಎಂಜಿನ್ನಿನ ಮೋಟಾರ್ ಸೈಕಲ್‌ಗೆ ಮಾತ್ರ. ಮನೆಮನೆಯಲ್ಲಿರುವ ಸ್ಕೂಟರುಗಳ ಎಂಜಿನ್ 110 ಸಿಸಿಗೆ ಹತ್ತಿರವೋ ಮೇಲೋ. ಗಂಟೆಗೆ 25 ಕಿಲೊಮೀಟರ್ ಮೀರದ, 250 ವಾಟ್‌ಗಿಂತ ಕಡಿಮೆ ಶಕ್ತಿಯ ಬ್ಯಾಟರಿ ಗಾಡಿಗಳನ್ನು ನಿಯಮ ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಅದಕ್ಕಿಂತ ವೇಗದ ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸ್, ನೋಂದಣಿ, ವಿಮೆ ಮೂರೂ ಬೇಕು. ಅಂಗಡಿಯವರು ‘ಇದಕ್ಕೇನೂ ಬೇಡ’ ಎಂದರೆ ಗಾಡಿಯ ಕಾಗದದಲ್ಲಿ ಮೋಟಾರಿನ ಶಕ್ತಿ ಎಷ್ಟೆಂದು ಓದಿ ನೋಡುವುದು ಒಳ್ಳೆಯದು.

ಪಕ್ಕಾ ಲೈಸೆನ್ಸಿಗೆ ಸಾಗರ, ಹೊಸನಗರದವರು ಸಾಗರದ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಯ ಕಚೇರಿಗೆ ಹೋಗುತ್ತಾರೆ. ಅಲ್ಲಿನ ಗಾಡಿಗಳ ನಂಬರು ಕೆಎ 15. ತೀರ್ಥಹಳ್ಳಿಯವರದು ಶಿವಮೊಗ್ಗದ ಕೆಎ 14. ಆಗುಂಬೆಯವರಿಗೆ ಅಲ್ಲಿಗೆ ಹೋಗಿಬರುವುದು ಹೆಚ್ಚುಕಡಿಮೆ ಒಂದು ದಿನದ ಕೆಲಸ.

ಪರೀಕ್ಷೆಯಲ್ಲಿ ಏನೇನು ನೋಡಬೇಕು ಎಂಬುದನ್ನು ಹದಿನೈದನೆಯ ನಿಯಮ ಪಟ್ಟಿ ಮಾಡಿದೆ. ಬಯಲುಸೀಮೆಯವರು ಓದಿಕೊಂಡು ಮುಂದೆ ಹೋಗಬಹುದಾದ ಎರಡು ಸಾಲು ಮಲೆನಾಡಿನವರಿಗೆ ಬರೆದ ಹಾಗಿವೆ. ಇಳಿಜಾರಿನಲ್ಲಿ ಚಾಲಕ ಬೇಗ ಕೆಳಗಿನ ಗೇರಿಗೆ ಬದಲಿಸಬಲ್ಲನೇ? ಕಡಿದಾದ ಏರಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಸರಿಯಾಗಿ ಬಳಸಿ, ಹಿಂದಕ್ಕೆ ಉರುಳದಂತೆ ಮತ್ತೆ ಹೊರಡಿಸಬಲ್ಲನೇ? ಈ ಎರಡೂ ನಿಯಮದಲ್ಲಿವೆ. ಆದರೆ ರಾಜ್ಯದ ಬಹುತೇಕ ಕಡೆ ಪರೀಕ್ಷೆ ನಡೆಯುವುದು ಸಮತಟ್ಟಾದ ಮೈದಾನದಲ್ಲಿ ಅಥವಾ ಟ್ರ್ಯಾಕಿನಲ್ಲಿ. ದ್ವಿಚಕ್ರಕ್ಕೆ ಎಂಟು, ಕಾರಿಗೆ ಎಚ್ ಅಥವಾ ನೇರ ಹೋಗಿ ಹಿಂದೆ ಬರುವುದು. ಸಿಮೆಂಟಿನಲ್ಲಿ ದಿಣ್ಣೆ ಕಟ್ಟಿದ ಟ್ರ್ಯಾಕುಗಳಿವೆ, ನಿಜ. ಆದರೆ ಎಂಟು ಹತ್ತು ಅಡಿ ದಿಣ್ಣೆಯಲ್ಲಿ ಹ್ಯಾಂಡ್ ಬ್ರೇಕ್ ಬಿಡುವುದಕ್ಕೂ, ಹುಲಿಕಲ್ ಘಾಟಿಯಲ್ಲಿ ಮುಂದಿನ ಲಾರಿ ತಿರುವಿನ ನಡುವೆ ನಿಂತಾಗ, ಹಿಂದೆ ಬಸ್ಸು ಹಾರ್ನ್ ಒತ್ತುತ್ತಿರುವಾಗ ಹಾಫ್ ಕ್ಲಚ್ಚಿನಲ್ಲಿ ಗಾಡಿ ಎತ್ತುವುದಕ್ಕೂ ಬಹಳ ಅಂತರವಿದೆ.

ಮಲೆನಾಡಿನ ರಸ್ತೆಗಳು ಏನನ್ನು ಬೇಡುತ್ತವೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತೀರ್ಥಹಳ್ಳಿಯಿಂದ ಉಡುಪಿಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 169ಎ ಆಗುಂಬೆಯಲ್ಲಿ ಎಷ್ಟು ಕಿರಿದಾಗಿ, ಎಷ್ಟು ಕಡಿದಾಗಿ ತಿರುಗುತ್ತದೆಂದರೆ ಮಳೆಗಾಲದಲ್ಲಿ ಅಲ್ಲಿ ಭಾರಿ ವಾಹನಗಳ ಸಂಚಾರವನ್ನು ಜಿಲ್ಲಾಡಳಿತ ನಿರ್ಬಂಧಿಸುವುದು ವಾಡಿಕೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಮಾಸ್ತಿಕಟ್ಟೆಯಿಂದ ಹೊಸಂಗಡಿಗೆ ಇಳಿಯುವ ಹುಲಿಕಲ್ ಘಾಟಿಯಲ್ಲೂ ಮಳೆಯ ಅಬ್ಬರ ಅದಕ್ಕೆ ಸರಿಸಮವೇ. ಹೊಸನಗರದಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಕಾಡು ಎಷ್ಟು ಒತ್ತಾಗಿದೆಯೆಂದರೆ ಮಧ್ಯಾಹ್ನವೇ ಹೆಡ್‌ಲೈಟ್ ಹಾಕಬೇಕಾಗುತ್ತದೆ. ದರೆ ಕುಸಿದು ಮಣ್ಣು ರಸ್ತೆಗೆ ಹರಡಿರುತ್ತದೆ. ಮರ ಬಿದ್ದಿರುತ್ತದೆ. ತಿರುವಿನಾಚೆ ದನ ಮಲಗಿರುತ್ತದೆ, ಕೆಲವೊಮ್ಮೆ ಕಾಟಿ ನಿಂತಿರುತ್ತದೆ. ಬಿಸಿಲು ಬೀಳದ ಕಡೆ ಡಾಂಬರಿನ ಅಂಚಿಗೆ ಹಾವಸೆ ಕಟ್ಟಿ, ಎದುರು ಬಸ್ಸಿಗೆ ದಾರಿ ಬಿಡಲು ಎಡಕ್ಕೆ ಸರಿದ ಸ್ಕೂಟರಿನ ಚಕ್ರ ಅಲ್ಲೇ ಜಾರುತ್ತದೆ.

ಹೊಸ ಚಾಲಕರಿಗೆ ಇಲ್ಲಿ ಮೊದಲು ಗೊತ್ತಿರಬೇಕಾದ ನಿಯಮ ಒಂದಿದೆ. ಕಿರಿದಾದ ಘಟ್ಟದ ರಸ್ತೆಯಲ್ಲಿ ಏರಿ ಬರುವ ಗಾಡಿಗೆ ಮೊದಲ ಹಕ್ಕು. ಇಳಿಯುವವರು ಅಗಲವಿರುವಲ್ಲಿ ನಿಂತು ದಾರಿ ಬಿಡಬೇಕು. ಏರಿನಲ್ಲಿ ನಿಂತ ತುಂಬಿದ ಗಾಡಿ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಉರುಳುವ ಅಪಾಯವೂ ಇದೆ. 1989ರ ರಸ್ತೆ ನಿಯಮಗಳಲ್ಲೂ ಇದಿತ್ತು, ಅವುಗಳ ಜಾಗಕ್ಕೆ ಬಂದ 2017ರ ಚಾಲನಾ ನಿಯಮಾವಳಿಯಲ್ಲೂ ಇದೆ. ಪೆಟ್ರೋಲ್ ಉಳಿಯಲಿ ಎಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವ ಅಭ್ಯಾಸ ಹಳಬರಲ್ಲೂ ಇದೆ. ಆಗ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಹಿಡಿತ ಕಳೆದುಕೊಳ್ಳುವುದು ಘಾಟಿಯ ಕೊನೆಯ ತಿರುವುಗಳಲ್ಲಿ. ಹತ್ತುವಾಗ ಯಾವ ಗೇರು ಬೇಕಿತ್ತೋ ಇಳಿಯುವಾಗಲೂ ಅದೇ ಗೇರು ಎಂದು ಘಾಟಿಯ ಚಾಲಕರು ಕಲಿಸುವ ಪಾಠ ಯಾವ ಮೈದಾನದ ಪರೀಕ್ಷೆಯಲ್ಲೂ ಸಿಗುವುದಿಲ್ಲ.

ರಸ್ತೆಗಳೂ ಬದಲಾಗುತ್ತಿವೆ. ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಅದಕ್ಕೆ ಮೊದಲು ತುಮರಿ ಕಡೆಯವರ ಗಾಡಿ ಸಾಗರ ಸೇರಬೇಕಾದರೆ ಲಾಂಚಿಗೆ ಕಾಯಬೇಕಿತ್ತು. ಸಂಜೆ ಲಾಂಚ್ ನಿಂತ ಮೇಲೆ ಆ ದಾರಿಯಲ್ಲಿ ಪ್ರಯಾಣವೇ ಇರಲಿಲ್ಲ. ದಶಕಗಳ ಆ ಕಷ್ಟ ಕೊನೆಗೊಂಡದ್ದು ದೊಡ್ಡ ಸಮಾಧಾನ. ಈಗ ಎರಡು ಕಿಲೊಮೀಟರಿಗೂ ಉದ್ದದ ನೇರ ರಸ್ತೆ ನೀರಿನ ಮೇಲಿದೆ, ರಾತ್ರಿಯೂ ತೆರೆದಿದೆ. ತೋಟದ ದಾರಿಯಲ್ಲಿ ಇಪ್ಪತ್ತು ಮೂವತ್ತರ ವೇಗದಲ್ಲಿ ಕಲಿತ ಕೈಗೆ ಅಂಥ ರಸ್ತೆ ಹೊಸದು, ಅದರ ವೇಗವೂ ಹೊಸದು.

ಹೊಸ ಚಾಲಕರ ಅಪಾಯ ಎಲ್ಲಕ್ಕಿಂತ ಹೆಚ್ಚಿರುವುದು ಒಬ್ಬರೇ ಓಡಿಸತೊಡಗಿದ ಮೊದಲ ಕೆಲವು ತಿಂಗಳಲ್ಲಿ ಎಂದು ಹಲವು ದೇಶಗಳ ಅನುಭವ ಹೇಳುತ್ತದೆ. ಗೇರು, ಕ್ಲಚ್ಚು ಒಂದು ತಿಂಗಳಲ್ಲಿ ಒಲಿಯುತ್ತವೆ. ಕಣ್ಣಿಗೆ ಅಭ್ಯಾಸವಾಗಲು ಇನ್ನೂ ಹೆಚ್ಚು ಕಾಲ ಬೇಕು. ಹೊಸಬರು ಬಾನೆಟ್ಟಿನ ಮುಂದಿನ ಹತ್ತು ಮಾರು ರಸ್ತೆ ನೋಡುತ್ತಾರೆ. ಪಳಗಿದವರು ತಿರುವಿನಾಚೆಯ ಬೆಳಕನ್ನು, ನಿಂತ ಬಸ್ಸಿನ ಕೆಳಗೆ ಕಾಣುವ ಮಕ್ಕಳ ಕಾಲುಗಳನ್ನು ನೋಡುತ್ತಾರೆ. ಹದಿಹರೆಯದವರ ಕಾರಿನಲ್ಲಿ ಅದೇ ವಯಸ್ಸಿನ ಗೆಳೆಯರು ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45ರ ವಯಸ್ಸಿನವರು.

ಹೊಸ ಚಾಲಕರ ಅಪಾಯದ ಈ ಅರಿವಿನಿಂದಲೇ ನ್ಯೂಜಿಲೆಂಡ್ 1987ರಲ್ಲಿ ಹಂತಹಂತವಾಗಿ ಲೈಸೆನ್ಸ್ ಕೊಡುವ ಪದ್ಧತಿ ತಂದಿತು: ಮೊದಲು ಕಲಿಕೆ, ನಂತರ ನಿರ್ಬಂಧಿತ, ಕೊನೆಗೆ ಪೂರ್ಣ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 25 ವರ್ಷದೊಳಗಿನವರು ಪರೀಕ್ಷೆಗೆ ಮೊದಲು 120 ಗಂಟೆಯ ಚಾಲನೆಯನ್ನು ದಾಖಲಿಸಿ ತೋರಿಸಬೇಕು, ಅದರಲ್ಲಿ 20 ಗಂಟೆ ರಾತ್ರಿಯದು. ಪಾಸಾದ ಮೇಲೆ ಕೆಂಪು ‘ಪಿ’ ಫಲಕ, ಗಂಟೆಗೆ 90 ಕಿಲೊಮೀಟರ್ ಮಿತಿ, ಮದ್ಯ ಸೊನ್ನೆ. ರಾತ್ರಿ 11ರಿಂದ ಬೆಳಗಿನ 5ರವರೆಗೆ 21 ವರ್ಷದೊಳಗಿನ ಒಬ್ಬರಿಗಿಂತ ಹೆಚ್ಚು ಗೆಳೆಯರನ್ನು ಕೂರಿಸುವಂತಿಲ್ಲ. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡದ ಅಪ್ಪ ಅಮ್ಮಂದಿರು ವಾರಾಂತ್ಯಗಳಲ್ಲಿ ಮಕ್ಕಳ ಪಕ್ಕ ಕೂತು ಆ ಗಂಟೆಗಳನ್ನು ತುಂಬಿಸುತ್ತಾರೆ. ಬ್ರಿಟನ್ನಿನ 1995ರ ಹೊಸ ಚಾಲಕರ ಕಾಯ್ದೆ ಇನ್ನೂ ಬಿಗಿ: ಮೊದಲ ಎರಡು ವರ್ಷದಲ್ಲಿ ಆರು ದಂಡಾಂಕ ಬಿದ್ದರೆ ಲೈಸೆನ್ಸ್ ರದ್ದು, ಎಲ್ಲ ಪರೀಕ್ಷೆಗಳೂ ಮೊದಲಿನಿಂದ. ಚಾಲನೆಯಲ್ಲಿ ಮೊಬೈಲ್ ಹಿಡಿದರೆ ಅಲ್ಲಿ 2017ರಿಂದ ಆರು ದಂಡಾಂಕ. ಹೊಸಬನ ಲೈಸೆನ್ಸ್ ಹೋಗಲು ಒಂದು ಫೋನ್ ಕರೆ ಸಾಕು. ಜರ್ಮನಿಯಲ್ಲಿ ಎರಡು ವರ್ಷದ ಪ್ರೊಬೇಷನ್; ದೊಡ್ಡ ತಪ್ಪಾದರೆ ನಾಲ್ಕು ವರ್ಷ. ಜಪಾನ್ ಮಾತ್ರ ಸೌಮ್ಯ. 1972ರಿಂದ ಅಲ್ಲಿ ಹೊಸ ಚಾಲಕರು ಒಂದು ವರ್ಷ ಹಳದಿ ಹಸಿರಿನ ಚಿಗುರೆಲೆಯ ಗುರುತನ್ನು ಕಾರಿಗೆ ಅಂಟಿಸಿಕೊಳ್ಳಬೇಕು. ನೋಡಿದವರು ಅವರಿಗೆ ಜಾಗ ಬಿಡಬೇಕು.

ನಮ್ಮ ಪಕ್ಕದ ಕೇರಳದಲ್ಲೂ ಹೊಸಬರಿಗೆ ಪ್ರೊಬೇಷನ್ ಇಡುವ ಮಾತು ಸಾರಿಗೆ ಇಲಾಖೆಯಿಂದ ಕೇಳಿಬಂದಿದೆ. 2024ರಲ್ಲಿ ಅಲ್ಲಿ ಚಾಲನಾ ಪರೀಕ್ಷೆ ಬಿಗಿ ಮಾಡಿ, ದಿನಕ್ಕೆ ಇಷ್ಟೇ ಪರೀಕ್ಷೆ ಎಂದು ಮಿತಿ ಹಾಕಿದಾಗ ಡ್ರೈವಿಂಗ್ ಸ್ಕೂಲುಗಳು ಬೀದಿಗಿಳಿದು ಪ್ರತಿಭಟಿಸಿದವು. ಲೈಸೆನ್ಸ್ ಬೇಗ ಸಿಗಬೇಕೆಂಬುದು ಸ್ಕೂಲುಗಳಿಗೆ ಹೊಟ್ಟೆಪಾಡು, ಅರ್ಜಿದಾರರಿಗೆ ಅನುಕೂಲ. ಹಾಗಾಗಿ ಬಿಗಿ ನಿಯಮ ಯಾವ ರಾಜ್ಯದಲ್ಲೂ ಸುಲಭವಾಗಿ ಇಳಿಯುವುದಿಲ್ಲ.

ಹಾಗೆಂದು ನಮ್ಮ ಕಾಯ್ದೆಯಲ್ಲಿ ಪ್ರೊಬೇಷನ್ನಿನ ಸುಳಿವೇ ಇಲ್ಲವೆನ್ನುವಂತಿಲ್ಲ. ಏಳನೆಯ ಕಲಂ ಪ್ರಕಾರ ಲಘು ವಾಹನದ ಲೈಸೆನ್ಸ್ ಹಿಡಿದು ಒಂದು ವರ್ಷವಾಗದೆ ಸಾರಿಗೆ ವಾಹನಕ್ಕೆ ಎಲ್‌ಎಲ್ ಸಿಗದು. ಇಪ್ಪತ್ತು ವರ್ಷವೂ ತುಂಬಿರಬೇಕು. ಬಸ್ಸು, ಲಾರಿ ಹಿಡಿಯುವವರಿಗೆ ಕಾಯ್ದೆ ಕೊಟ್ಟ ಒಂದು ವರ್ಷದ ಪಳಗುವಿಕೆ ಅದು. ಅಡಿಕೆ ಮೂಟೆ ಹೊತ್ತು ಮಂಡಿಗೆ ಹೋಗುವ ಪಿಕಪ್‌ಗಳ ವಿಷಯದಲ್ಲಿ ಬಹುಕಾಲ ಗೊಂದಲವಿತ್ತು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ರಂಭಾ ದೇವಿ ಪ್ರಕರಣದಲ್ಲಿ ಅದನ್ನು ಬಗೆಹರಿಸಿತು: 7,500 ಕಿಲೊ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು. ಬಡ ಚಾಲಕರಿಗೆ ಇದು ಉಪಕಾರ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮಾರುತಿ ಕಾರಿನಲ್ಲಿ ಪರೀಕ್ಷೆ ಪಾಸಾದವನು ಅದೇ ವಾರ ತುಂಬಿದ ಪಿಕಪ್ ಹಿಡಿದು ಹುಲಿಕಲ್ ಇಳಿಯುವುದು ಈಗ ಕಾನೂನಿಗೆ ಒಪ್ಪಿತ. ತುಂಬಿದ ಗಾಡಿಗೂ ಖಾಲಿ ಕಾರಿಗೂ ಬ್ರೇಕ್ ಹಿಡಿಯುವ ದೂರ ಒಂದೇ ಅಲ್ಲ ಎಂಬುದನ್ನು ಅವನಿಗೆ ಮಾಲೀಕರೇ ಕಲಿಸಬೇಕು.

ಇನ್ನೊಂದು ಸುಳಿವು ಲೈಸೆನ್ಸ್ ಅಮಾನತಿನಲ್ಲಿದೆ. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ಬೈಕಿನಲ್ಲಿ ಮೂವರು, ಹೆಲ್ಮೆಟ್ ಇಲ್ಲದಿರುವುದು, ಆಂಬುಲೆನ್ಸಿಗೆ ದಾರಿ ಬಿಡದಿರುವುದು ಇಂಥ ಅಪರಾಧಗಳಲ್ಲಿ ಪೊಲೀಸರು ಲೈಸೆನ್ಸ್ ವಶಕ್ಕೆ ತೆಗೆದುಕೊಂಡು ಸಾರಿಗೆ ಕಚೇರಿಗೆ ಕಳಿಸಬಹುದು. ಮೂವರು ಕೂತಿದ್ದಕ್ಕೆ, ಹೆಲ್ಮೆಟ್ ಹಾಕದ್ದಕ್ಕೆ ಕಾಯ್ದೆಯಲ್ಲಿ ದಂಡದ ಜೊತೆ ಮೂರು ತಿಂಗಳ ಅನರ್ಹತೆಯೂ ಇದೆ. ಮೊಬೈಲ್ ಹಿಡಿದು ಓಡಿಸುವುದು 2019ರಿಂದ ಅಪಾಯಕಾರಿ ಚಾಲನೆಯ ಕಲಮಿನಲ್ಲೇ ಸೇರಿದೆ. ಹೊಸಬರಿಗೂ ಹಳಬರಿಗೂ ಅಳತೆ ಒಂದೇ ಎಂಬುದಷ್ಟೇ ಕೊರತೆ.

ವಿಮೆಯ ಕಾಗದವನ್ನು ಓದುವವರು ಕಡಿಮೆ. ಮನೆಯ ಕಾರಿನ ಪಾಲಿಸಿ ತೆರೆದರೆ ಚಾಲಕರ ಬಗ್ಗೆ ಒಂದು ಷರತ್ತು ಸಿಗುತ್ತದೆ: ಎಲ್‌ಎಲ್ ಇರುವವರೂ ಓಡಿಸಬಹುದು, ಆದರೆ ಕೇಂದ್ರ ನಿಯಮಗಳ ಮೂರನೆಯ ನಿಯಮ ಪಾಲಿಸಿರಬೇಕು. ಅಂದರೆ ಪಕ್ಕದಲ್ಲಿ ಲೈಸೆನ್ಸ್ ಉಳ್ಳವರು, ಹಿಂದೆ ಮುಂದೆ ಎಲ್ ಫಲಕ. ಮೂವತ್ತು ರೂಪಾಯಿಯ ಸ್ಟಿಕ್ಕರ್ ಅಂಟಿಸದೆ, ಒಬ್ಬನೇ ಓಡಿಸಿ ಯಾರಿಗಾದರೂ ಗುದ್ದಿದರೆ ವಿಮಾ ಕಂಪನಿ ಷರತ್ತು ಮುರಿದ ವಾದ ಎತ್ತುತ್ತದೆ. 2004ರ ಸ್ವರಣ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಲಿಕಾ ಲೈಸೆನ್ಸ್ ಕೂಡ ಲೈಸೆನ್ಸೇ ಎಂದಿತು. ಷರತ್ತು ಮುರಿದ ಪ್ರಕರಣಗಳಲ್ಲಿ ಗಾಯಗೊಂಡವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕನಿಂದ ವಸೂಲು ಮಾಡುವ ದಾರಿಯನ್ನೂ ಅದೇ ತೀರ್ಪು ವಿವರಿಸಿತು. ಅಪಘಾತ ಪರಿಹಾರದ ಮೊತ್ತ ಲಕ್ಷಗಳಲ್ಲಿರುತ್ತದೆ. ಅಂಥ ವಸೂಲಿ ನೋಟಿಸು ಬಂದರೆ ಮಾರಬೇಕಾಗುವುದು ತೋಟ.

ಅಪಘಾತವಾದರೆ ಓಡಿಹೋಗುವುದು ಹೊಸಬರ ಮೊದಲ ಭಯದ ಪ್ರತಿಕ್ರಿಯೆ. ಜನ ಸೇರಿ ಹೊಡೆಯುತ್ತಾರೆ ಎಂಬ ಹೆದರಿಕೆ ಸುಳ್ಳೂ ಅಲ್ಲ. ಆದರೆ ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದು ಕಾಯ್ದೆಯ 134ನೆಯ ಕಲಮಿನಂತೆ ಚಾಲಕನ ಕರ್ತವ್ಯ. ನಿಲ್ಲಲು ಸಾಧ್ಯವೇ ಇಲ್ಲದಂಥ ಪರಿಸ್ಥಿತಿಯಿದ್ದರೆ ಹತ್ತಿರದ ಠಾಣೆಗೆ ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. ಮಳೆಯ ರಾತ್ರಿ ಮಂಡಗದ್ದೆಯ ಹತ್ತಿರವೋ ರಿಪ್ಪನ್‌ಪೇಟೆಯ ಹತ್ತಿರವೋ ಗಾಯಾಳುವನ್ನು ಬಿಟ್ಟುಹೋದರೆ ಮುಂದಿನ ಗಾಡಿ ಬರಲು ಎಷ್ಟು ಹೊತ್ತಾದೀತು ಎಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಕೇಂದ್ರ ಸರ್ಕಾರ 2021ರ ಜುಲೈಯಿಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ವ್ಯವಸ್ಥೆ ತಂದಿದೆ. ಲಘು ವಾಹನಕ್ಕೆ ನಾಲ್ಕು ವಾರದಲ್ಲಿ 29 ಗಂಟೆಯ ತರಬೇತಿ. 21 ಗಂಟೆ ಗಾಡಿಯಲ್ಲಿ, 8 ಗಂಟೆ ಪಾಠ. ಅಲ್ಲಿ ಪಾಸಾದವರಿಗೆ ಸಾರಿಗೆ ಕಚೇರಿಯ ಪರೀಕ್ಷೆಯಿಂದ ವಿನಾಯಿತಿ. ಮಲೆನಾಡಿನಲ್ಲಿ ಅಂಥ ಕೇಂದ್ರ ಬಂದರೆ ಅದರ ಗಂಟೆಗಳಲ್ಲಿ ಕೆಲವಾದರೂ ನಿಜವಾದ ಘಾಟಿಯಲ್ಲಿ, ನಿಜವಾದ ಮಳೆಯಲ್ಲಿ ಕಳೆಯಬೇಕು. ಅಲ್ಲಿಯವರೆಗೆ ಕಾನೂನು ಬದಲಾಗಲೆಂದು ಕಾಯದೆ ಮನೆಯವರೇ ಮಾಡಬಹುದಾದದ್ದು ಒಂದಿದೆ. ಅದು ಎಲ್‌ಎಲ್‌ನ ಆರು ತಿಂಗಳನ್ನೂ ಪೂರ್ತಿ ಬಳಸಿಕೊಳ್ಳುವುದು. ಮೂವತ್ತು ದಿನ ಎಂಬುದು ಕನಿಷ್ಠ ಮಿತಿ. ಮೂವತ್ತೊಂದನೇ ದಿನ ಪರೀಕ್ಷೆಗೆ ಹೋಗಲೇಬೇಕೆಂದು ಯಾವ ನಿಯಮವೂ ಹೇಳಿಲ್ಲ.

ಮೇ ತಿಂಗಳಲ್ಲಿ, ಪರೀಕ್ಷೆಗಳು ಮುಗಿದು ರಜೆಯಿರುವಾಗ ಎಲ್‌ಎಲ್ ಮಾಡಿಸಿದರೆ ಅದು ನವೆಂಬರಿನವರೆಗೆ ನಡೆಯುತ್ತದೆ. ಮೇ ತಿಂಗಳಿಡೀ ಒಣ ರಸ್ತೆಯಲ್ಲಿ ಗೇರು, ಕ್ಲಚ್ಚು, ರಿವರ್ಸ್. ಜೂನಿನ ಮೊದಲ ಮಳೆಗೆ ಅಪ್ಪನೋ ಚಿಕ್ಕಪ್ಪನೋ ಅಕ್ಕನೋ ಪಕ್ಕದಲ್ಲಿ ಕೂತಿರುವಾಗ ವೈಪರ್ ಹಾಕಿ ಓಡಿಸುವುದು, ಬ್ರೇಕ್ ಹಿಡಿದರೆ ಎಷ್ಟು ದೂರ ಹೋಗಿ ನಿಲ್ಲುತ್ತದೆಂದು ಖಾಲಿ ರಸ್ತೆಯಲ್ಲಿ ನೋಡಿಕೊಳ್ಳುವುದು. ಜುಲೈ, ಆಗಸ್ಟಿನಲ್ಲಿ ಹಗಲು ಹೊತ್ತಿನ ಮಂಜು, ಎದುರು ಬಸ್ಸು ಬಂದಾಗ ಅಂಚಿಗಿಳಿಯುವ ಮತ್ತು ಇಳಿಯದಿರುವ ಜಾಗಗಳ ತಿಳಿವಳಿಕೆ. ಕೈ ಪಳಗಿದ ಮೇಲೆ, ಸೆಪ್ಟೆಂಬರಿನಲ್ಲಿ, ಘಾಟಿ ಬಲ್ಲವರ ಜೊತೆ ಒಮ್ಮೆ ಹುಲಿಕಲ್ಲನ್ನೋ ಆಗುಂಬೆಯನ್ನೋ ಹಗಲಲ್ಲಿ ಇಳಿದು ಹತ್ತುವುದು. ಎರಡು ಮೂರು ಸಂಜೆ ಕತ್ತಲಾದ ಮೇಲೆ ಓಡಿಸುವುದು. ಅಕ್ಟೋಬರಿನಲ್ಲಿ ಸಾರಥಿಯಲ್ಲಿ ಪರೀಕ್ಷೆಗೆ ದಿನ ಗೊತ್ತುಮಾಡಿಕೊಳ್ಳುವುದು. ಫೇಲಾದರೆ ಮತ್ತೆ ಹೋಗಬಹುದು. ಮೂರು ಸಲ ಫೇಲಾದವರು ಮಾತ್ರ 60 ದಿನ ಕಾಯಬೇಕು. ಅಕ್ಟೋಬರಿನ ಕೊನೆಗೂ ದಿನ ಸಿಗದಿದ್ದರೆ ನವೆಂಬರಿನಲ್ಲಿ ಎಲ್‌ಎಲ್ ಮುಗಿಯುವ ತಾರೀಖನ್ನು ನೋಡಿಕೊಂಡಿರಬೇಕು. ಅದು ದಾಟಿದರೆ ಹೊಸ ಎಲ್‌ಎಲ್‌ಗೆ ಮೊದಲಿನಿಂದ ಅರ್ಜಿ ಹಾಕಬೇಕಾಗುತ್ತದೆ.